ಹುಮಾಯೂನರ ಹೆಸರಿನ ಕಪ್ಪೆ

ಆರಿದ್ರಾ ಮಳೆ ಹಿಡಿಯಿತೆಂದರೆ ಪುಣೆಯ ಜನ ಖಂಡಾಲದ ಘಾಟಿಗೆ ಹೊರಡುತ್ತಾರೆ. ಝರಿಗಳಲ್ಲಿ ನೆನೆದು, ಸುಟ್ಟ ಮೆಕ್ಕೆಜೋಳ ತಿಂದು, ಕತ್ತಲಾಗುವ ಹೊತ್ತಿಗೆ ಊರಿಗೆ ಮರಳುತ್ತಾರೆ. ಸಹ್ಯಾದ್ರಿಯ ಈ ಭಾಗದ ಝರಿಗಳಲ್ಲಿ ಬೇರೊಂದು ಸಂಸಾರ ಶುರುವಾಗುವುದು ಆಮೇಲೆ. ಸುಕ್ಕುಚರ್ಮದ, ಕಂದುಬಣ್ಣದ, ಎರಡಿಂಚಿನಷ್ಟು ಉದ್ದದ ಗಂಡುಕಪ್ಪೆ ಕಲ್ಲಿನ ಸಂದಿಯಿಂದ ಹೊರಬಂದು ನೀರಿನಂಚಿನಲ್ಲಿ ಕೂತು ಕೂಗುತ್ತದೆ. ವಿಜ್ಞಾನದಲ್ಲಿ ಇದರ ಹೆಸರು ನಿಕ್ಟಿಬ್ಯಾಟ್ರಾಕಸ್ ಹುಮಾಯೂನಿ. ನಾವು ಇರುಳುಗಪ್ಪೆ ಎನ್ನೋಣ.

ಭಾದುರಿ ಮತ್ತು ಕೃಪಲಾನಿ ಎಂಬ ಪ್ರಾಣಿಶಾಸ್ತ್ರಜ್ಞರು 1955ರಲ್ಲಿ ಇದನ್ನು ಹೊಸ ಪ್ರಭೇದವೆಂದು ವರ್ಣಿಸಿ ಹುಮಾಯೂನ್ ಅಬ್ದುಲಾಲಿಯವರ ಹೆಸರಿಟ್ಟರು. ಮುಂಬಯಿಯ ಅಬ್ದುಲಾಲಿ ಹಕ್ಕಿಗಳ ಅಧ್ಯಯನಕ್ಕೆ ಹೆಸರಾದವರು, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಗೌರವ ಕಾರ್ಯದರ್ಶಿಯಾಗಿದ್ದವರು. ಆದರೆ ಕಪ್ಪೆಗಳು ಅವರನ್ನು ನೆನೆಯಬೇಕಾದ ಕಾರಣ ಇನ್ನೊಂದಿದೆ.

ಒಂದು ಕಾಲಕ್ಕೆ ಭಾರತ ಕಪ್ಪೆಕಾಲು ಮಾರುವ ದೇಶವಾಗಿತ್ತು. ಮಳೆಗಾಲದ ರಾತ್ರಿ ಗದ್ದೆಗಳಲ್ಲಿ ದೀಪ ಹಿಡಿದು ಗೂಳಿಕಪ್ಪೆಗಳನ್ನು ಹಿಡಿದು, ಹಿಂಗಾಲು ಕತ್ತರಿಸಿ, ಹೆಪ್ಪುಗಟ್ಟಿಸಿ ಯೂರೋಪಿಗೂ ಅಮೆರಿಕಕ್ಕೂ ಕಳಿಸುತ್ತಿದ್ದರು. 1981ರಲ್ಲಿ ಹೀಗೆ ಹಡಗು ಹತ್ತಿದ ಕಾಲುಗಳ ತೂಕ 4,000 ಟನ್ನಿಗೂ ಹೆಚ್ಚು. ಕಪ್ಪೆಯ ಪುಟ್ಟ ಕಾಲುಗಳಿಂದ ಅಷ್ಟು ಟನ್ ಆಗಬೇಕಾದರೆ ಎಷ್ಟು ಗದ್ದೆಗಳು ಮೌನವಾಗಿರಬೇಕು! ಗದ್ದೆಯ ಹುಳುಹುಪ್ಪಟೆ ತಿನ್ನುವ ಪ್ರಾಣಿಯನ್ನೇ ಮಾರಿ ರೈತನಿಗೆ ಏನು ಉಳಿಯಿತು ಎಂಬುದು ಅಬ್ದುಲಾಲಿಯವರ ವಾದ. 1985ರಲ್ಲಿ ಅವರು ಈ ರಫ್ತಿನ ಬಗ್ಗೆಯೇ ಸೊಸೈಟಿಯ ಪತ್ರಿಕೆಯಲ್ಲಿ ಲೇಖನ ಬರೆದರು. 1987ರಲ್ಲಿ ಸರ್ಕಾರ ರಫ್ತನ್ನು ನಿಷೇಧಿಸಿತು.

ಅವರ ಹೆಸರು ಹೊತ್ತ ಕಪ್ಪೆ ಮಾತ್ರ ಯಾರ ತಟ್ಟೆಗೂ ಬೇಡವಾದ ಪುಟ್ಟ ಜೀವ. ಹರಿಯುವ ನೀರೇ ಅದರ ಮನೆ. ಬೆರಳ ತುದಿಯಲ್ಲಿ ಅಗಲವಾದ ಬಿಲ್ಲೆಗಳಿವೆ, ಪಾಚಿಗಲ್ಲಿನ ಮೇಲೂ ಕಾಲು ಜಾರುವುದಿಲ್ಲ. ಕಣ್ಣಿನ ಪಾಪೆ ವಜ್ರಾಕೃತಿಯದು. ಸೆಳವಿನಲ್ಲಿ ತತ್ತಿಯಿಟ್ಟರೆ ಕೊಚ್ಚಿಹೋಗುತ್ತದೆ. ಅದಕ್ಕೇ ನೀರಿನ ಮೇಲೆ ಬಾಗಿದ ಎಲೆಯನ್ನೋ ಕಲ್ಲನ್ನೋ ಆರಿಸಿಕೊಳ್ಳುತ್ತದೆ. ಮೊಟ್ಟೆಯೊಡೆದ ಗೊದಮೊಟ್ಟೆ ನೇರ ಝರಿಗೆ ಬೀಳುತ್ತದೆ.

ಇದರ ದಾಂಪತ್ಯ ಉಳಿದ ಕಪ್ಪೆಗಳಂತಲ್ಲ ಎಂಬ ಸುಳಿವು 2004ರಲ್ಲೇ ಜೀವವಿಜ್ಞಾನಿ ಕೃಷ್ಣಮೇಘ್ ಕುಂಟೆಯವರ ಬರಹದಲ್ಲಿ ಸಿಕ್ಕಿತ್ತು. ಆಮೇಲೆ ಕಪ್ಪೆತಜ್ಞ ಎಸ್.ಡಿ. ಬಿಜು ಮತ್ತು ಸಂಗಡಿಗರು ಸಾತಾರಾ ಜಿಲ್ಲೆಯ ಹುಂಬರ್ಲಿಯಲ್ಲಿ ನಲವತ್ತು ರಾತ್ರಿ ಮಳೆಯಲ್ಲಿ ಕಾದು ಕೂತರು. ಸಾಮಾನ್ಯವಾಗಿ ಗಂಡುಕಪ್ಪೆ ಹೆಣ್ಣನ್ನು ತೋಳಿನಲ್ಲಿ ಬಿಗಿದು ಹಿಡಿಯುತ್ತದೆ. ಅಲ್ಲಿಯವರೆಗೆ ವಿಜ್ಞಾನಕ್ಕೆ ಗೊತ್ತಿದ್ದ ಭಂಗಿಗಳು ಆರು. ಈ ಗಂಡು ಹಿಡಿಯುವುದೇ ಇಲ್ಲ. ಹೆಣ್ಣಿನ ಬೆನ್ನಿನ ಮೇಲೆ ಕಾಲು ಚಾಚಿ ಕೂತು, ಕೈಗಳನ್ನು ಎಲೆಗೋ ಕೊಂಬೆಗೋ ಊರಿ, ವೀರ್ಯವನ್ನು ಬೆನ್ನಿಗೆ ಸುರಿಸಿ ಇಳಿದುಬಿಡುತ್ತದೆ. ಆಮೇಲೆ ಹೆಣ್ಣು ತತ್ತಿಯಿಡುತ್ತದೆ, ಬೆನ್ನಿನಿಂದ ಇಳಿದು ಬಂದ ವೀರ್ಯ ಅದನ್ನು ಫಲಿತಗೊಳಿಸುತ್ತದೆ. ಏಳನೆಯ ಭಂಗಿಯೆಂದು 2016ರಲ್ಲಿ ಇದು ಪ್ರಕಟವಾಯಿತು. ಹೆಣ್ಣೂ ಕೂಗುತ್ತದೆ ಎಂಬುದು ಆ ರಾತ್ರಿಗಳ ಇನ್ನೊಂದು ಲಾಭ. ಕಪ್ಪೆಗಳಲ್ಲಿ ಇದು ತೀರಾ ಅಪರೂಪ.

ಬೆನ್ನಿನ ಇಂಥ ವಿಚಿತ್ರ ಕಥೆ ಬೇರೆಡೆಯೂ ಇದೆ. ದಕ್ಷಿಣ ಅಮೆರಿಕದ ಸೂರಿನಾಮಿನಲ್ಲಿ ನೀರು ಬಿಟ್ಟು ಬದುಕದ ಒಂದು ಕಪ್ಪೆಯಿದೆ. ಅದರ ತತ್ತಿಗಳು ತಾಯಿಯ ಬೆನ್ನ ಚರ್ಮದಲ್ಲೇ ಹುದುಗಿ, ಮರಿಗಳಾಗಿ ಹೊರಬರುತ್ತವೆ. ಮರಿಯಾ ಸಿಬಿಲಾ ಮೆರಿಯನ್ ಎಂಬ ಚಿತ್ರಗಾರ್ತಿ ಅಲ್ಲಿಗೇ ಹೋಗಿ ಅದನ್ನು ನೋಡಿ, 1705ರ ತನ್ನ ಪುಸ್ತಕದಲ್ಲಿ ಚಿತ್ರಿಸಿದಳು. ಪುಣೆಯ ಬಗಲಿನ ಘಟ್ಟದ ಬೆನ್ನಿನ ಕಥೆ ಹೊರಬರಲು ಇನ್ನೂ ಮುನ್ನೂರು ವರ್ಷ ಬೇಕಾದವು.

ನಮ್ಮ ಇರುಳುಗಪ್ಪೆಯ ಕುಲದ ಒಂದು ನಂಟು ಕನ್ನಡನಾಡಿನಲ್ಲಿದೆ. ಉತ್ತರ ಕನ್ನಡದ ಕತ್ತಲೆಕಾನಿನ ಝರಿಗಳಲ್ಲಿ ಗಂಡುಕಪ್ಪೆಯೊಂದು ಕೈತುಂಬ ಕೆಸರು ತೆಗೆದು ತತ್ತಿಗಳಿಗೆ ಮೆತ್ತುವುದನ್ನು ಕಂಡ ಕಪ್ಪೆತಜ್ಞ ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಅದಕ್ಕೆ ನಿಕ್ಟಿಬ್ಯಾಟ್ರಾಕಸ್ ಕುಂಬಾರ ಎಂದು ಹೆಸರಿಟ್ಟರು. ಕೈಕೆಸರಿನ ಕಸುಬುದಾರನ ಕನ್ನಡ ಹೆಸರು ಹೀಗೆ ಲ್ಯಾಟಿನ್ ಪಟ್ಟಿಯಲ್ಲಿ ಹುಮಾಯೂನರ ಹೆಸರಿನ ಪಕ್ಕ ಕೂತಿದೆ. ಅಬ್ದುಲಾಲಿ ಇದನ್ನು ಕಾಣಲಿಲ್ಲ, 2001ರಲ್ಲೇ ತೀರಿಕೊಂಡಿದ್ದರು.