ಕದರಮಂಡಲಗಿಯ ‘ಮ’: ನುಡಿ ಪಠ್ಯದ ಪರಿವರ್ತನೆಯಲ್ಲಿ ಕ್ರಮದ ಪ್ರಶ್ನೆ

ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದ ಪಠ್ಯವನ್ನು ಯುನಿಕೋಡಿಗೆ ತರುವುದೆಂದರೆ ಬರೀ ಒಂದು ಪಟ್ಟಿಯ ಕೆಲಸ ಎಂದು ಬಗೆಯುವವರು ಇಂದಿಗೂ ಇದ್ದಾರೆ. ಎಡಗಡೆ ಹಳೆಯ ಸಂಕೇತ, ಬಲಗಡೆ ಹೊಸ ಅಕ್ಷರ, ನಡುವೆ ರಿಪ್ಲೇಸ್ ಎಂಬ ಫಂಕ್ಷನ್. ಒತ್ತಕ್ಷರವಿಲ್ಲದ ಪದಗಳಿಗಾದರೂ ಇಷ್ಟು ಸಾಕೆಂಬುದು ಅವರ ವಾದ. ಒತ್ತಕ್ಷರವೇ ಇಲ್ಲದ ಒಂದು ಊರಿನ ಹೆಸರಿನ ಮುಂದೆ ಈ ವಾದ ನಿಲ್ಲುವುದಿಲ್ಲ.

ಕಾಂತೇಶನ ಗುಡಿಯಿಂದ ಹೆಸರಾದ ಕದರಮಂಡಲಗಿ ಯುನಿಕೋಡಿನಲ್ಲಿ 9 ಸಂಕೇತಗಳ ಪದ. ನುಡಿಯಲ್ಲಿ ಅದೇ ಹೆಸರಿಗೆ 14 ಬೇಕು: 80, 192, 122, 192, 103, 192, 170, 192, 196, 65, 113, 192, 174, 86. ಇದರಲ್ಲಿ 192 ತಲೆಕಟ್ಟು. 86 ಇಡಿಯಾಗಿ ‘ಗಿ’. ‘ಮ’ಕ್ಕೆ ಸ್ವಂತ ಜಾಗವಿಲ್ಲ. 170 ಮತ್ತು 192 ಸೇರಿ ‘ವ’. ಅದಕ್ಕೆ 196 ಸೇರಿದರೆ ‘ಮ’. ಆದರೆ ‘ರು’ ಬರೆಯುವಾಗ ಇದೇ 196 ಉಕಾರದ ಕೊಂಬು. ಪಟ್ಟಿಯಲ್ಲಿ ‘ವ’ ಮೊದಲು ಬಂದರೆ ಫಂಕ್ಷನ್ ನಿಷ್ಠೆಯಿಂದ ಕೊಡುವ ಊರು ‘ಕದರವುಂಡಲಗಿ’.

ಇದನ್ನು ನುಡಿಯ ಅವ್ಯವಸ್ಥೆ ಎನ್ನುವವರು ಆ ಪಟ್ಟಿಯನ್ನು ಆಕರವಾಗಿ ಓದಿಯೇ ಇಲ್ಲ. ಹಾಗಾದರೆ ‘ವು’ ಎಲ್ಲಿದೆ? ಅದಕ್ಕೆ 197 ಎಂಬ ಬೇರೆ ಕೊಂಬು ಇದೆ. ‘ಪು’ ಬರೆಯುವುದೂ ಅದರಿಂದಲೇ. ‘ವ’ದ ಬಲಬದಿಗೆ ಮಾಮೂಲು ಕೊಂಬು ತಗುಲಿಸಿದರೆ ‘ಮ’ ಆಗಿಬಿಡುತ್ತದೆಂದೇ ನಮ್ಮ ಬರವಣಿಗೆಯಲ್ಲಿ ‘ವು’ವಿನ ಕೊಂಬು ಕೆಳಗಿನಿಂದ ಹೊರಡುತ್ತದೆ. ಒಂದು ಫಾಂಟಿಗೆ 256 ಸ್ಥಾನಗಳಷ್ಟೇ ಇದ್ದ ಕಾಲದಲ್ಲಿ ಕನ್ನಡ ಗಣಕ ಪರಿಷತ್ತಿನ ವಿನ್ಯಾಸಕಾರರು ಕಾಗುಣಿತದ ಈ ಸೂಕ್ಷ್ಮವನ್ನು ಕೈಬಿಡದೆ ‘ಮ’ದ ಸ್ಥಾನವನ್ನು ಉಳಿಸಿದರು. (ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ನಿಜ. ಜನಸಾಮಾನ್ಯರ ಕಂಪ್ಯೂಟರಿನಲ್ಲಿ ಅದು ಸರಿಯಾಗಿ ಮೂಡಲು 2001ರ ವಿಂಡೋಸ್ ಎಕ್ಸ್‌ಪಿಯವರೆಗೆ ಕಾಯಬೇಕಾಯಿತು. ನುಡಿಯನ್ನು ಜರೆಯುವವರು ಈ ಅಂತರವನ್ನು ಮರೆಯುತ್ತಾರೆ.) ‘ಯ’ದ ಕಥೆಯೂ ಇಂಥದೇ: 65, 105, 192, 196. ಇಲ್ಲಿನ 65 ಕದರಮಂಡಲಗಿಯ ಸೊನ್ನೆಯೇ. ಸೊನ್ನೆಯನ್ನು ಮೊದಲು ಬದಲಿಸಿದರೆ ‘ಯ’ ಉಳಿಯುವುದಿಲ್ಲ.

ಉದ್ದದ ಸರಣಿಯನ್ನು ಮೊದಲು ಹಿಡಿದರೆ ಈ ತೊಡಕು ಬಿಡುತ್ತದೆ. ಅಷ್ಟರಮಟ್ಟಿಗೆ ಪಟ್ಟಿಯವರ ಮಾತು ಒಪ್ಪತಕ್ಕದ್ದೇ. ಒತ್ತಕ್ಷರವಿರುವ ಬ್ಯಾಡಗಿಯಂಥ ಹೆಸರಿಗೆ ಬಂದಾಗ ಅದೂ ಸಾಲದು. ನುಡಿಯಲ್ಲಿ ‘ಬಾ’ ಮೊದಲು (168, 193), ಯ-ಒತ್ತು ಆಮೇಲೆ (229): ಕೈ ಬರೆಯುವ ಕ್ರಮವೇ ಅದು. ಯುನಿಕೋಡಿನಲ್ಲಿ ವ್ಯಂಜನಗಳೆಲ್ಲ ಮುಗಿದ ಮೇಲೆ ಸ್ವರಚಿಹ್ನೆ. ಇದ್ದಲ್ಲೇ ಬದಲಿಸಿದರೆ ‘ಬಾ್ಯಡಗಿ’, ‘ರಾಣೆಬೆನೂ್ನರು’. ಈ ಮುರುಕು ರೂಪಗಳು ಅಂತರ್ಜಾಲದಲ್ಲಿ ಈಗಲೂ ಕಣ್ಣಿಗೆ ಬೀಳುತ್ತವೆ, ಹುಡುಕಿದರೆ ಊರು ಸಿಗುವುದಿಲ್ಲ. ಪ್ರತಿ ವ್ಯಂಜನ, ಸ್ವರ, ಒತ್ತಿನ ಜೋಡಣೆಯನ್ನೂ ಪಟ್ಟಿಗೆ ಸೇರಿಸಬಹುದೆಂಬ ಸಮಾಧಾನವಿದೆ. ಆಗ ಸಾಲುಗಳು ಸಾವಿರಗಟ್ಟಲೆಯಾಗುತ್ತವೆ. ‘ಸ್ತ್ರೀ’ಯಂತೆ ಎರಡು ಒತ್ತು ಬಂದಲ್ಲಿ ಮತ್ತೆ ಬೆಳೆಯುತ್ತವೆ. ಫಂಕ್ಷನ್ ಮಾಡಬೇಕಾದದ್ದು ಬೇರೆ: ಒತ್ತು ಕಂಡಾಗ ಈಗಾಗಲೇ ಬರೆದದ್ದರ ಕೊನೆಯ ಸ್ವರಚಿಹ್ನೆಯನ್ನು ತೆಗೆದು, ಹಲಂತ ಚಿಹ್ನೆ (3277) ಮತ್ತು ಒತ್ತಿನ ವ್ಯಂಜನವನ್ನಿಟ್ಟು, ಸ್ವರವನ್ನು ಮತ್ತೆ ಕೊನೆಗೆ ಸೇರಿಸುವುದು. ಅರ್ಕಾವೊತ್ತಿಗೆ (240) ಇನ್ನೂ ದೂರ ಹಿಂದೆ ಹೋಗಬೇಕು; ‘ಕಾರ್ಯ’ದಲ್ಲಿ ಕೊನೆಗೆ ಟೈಪಾದ ಆ ಗುರುತು ‘ಯ’ವನ್ನು ದಾಟಿ ಅದಕ್ಕೂ ಮೊದಲು ‘ರ್’ ಆಗಿ ನಿಲ್ಲುತ್ತದೆ.