ಹಳಿ ಹೋಯ್ತು, ಹಾದಿ ಬಂತು, ಮನೆ?

ಕೊನೇ ವರ್ಷದ ಪ್ರಾಜೆಕ್ಟ್ ರಿಪೋರ್ಟನ್ನ ಇಂಜಿನಿಯರಿಂಗ್ ಹುಡುಗರು ಏನ್ ಮಾಡ್ತಾರೆ ಹೇಳಿ? ಬೈಂಡ್ ಮಾಡಿಸ್ತಾರೆ, ಮಾರ್ಕ್ಸ್ ತಗೋತಾರೆ, ಮರೆತುಬಿಡ್ತಾರೆ. ನಾನೂ ಅದನ್ನೇ ಮಾಡಿದವನು. ಆದರೆ ಅಮೆರಿಕದ ಅಟ್ಲಾಂಟಾದಲ್ಲಿ ಒಬ್ಬ ವಿದ್ಯಾರ್ಥಿಯ ಪ್ರಬಂಧ ಊರನ್ನೇ ಬದಲಿಸಿಬಿಡ್ತು.

ಅಟ್ಲಾಂಟಾ ಹುಟ್ಟಿದ್ದೇ ರೈಲಿನಿಂದ. 1837ರಲ್ಲಿ ಹಳಿ ಕೊನೆಯಾಗುವ ಜಾಗಕ್ಕೆ ಗೂಟ ನೆಟ್ಟರು. ಊರಿನ ಮೊದಲ ಹೆಸರೇ ‘ಟರ್ಮಿನಸ್’. ಮುಂದೆ ಲಾರಿ, ಹೆದ್ದಾರಿಗಳು ಬಂದವು. ನಗರವನ್ನು ಸುತ್ತುವರಿದಿದ್ದ ಗೂಡ್ಸ್ ರೈಲಿನ ಹಳಿಗಳು ಒಂದೊಂದಾಗಿ ಪಾಳುಬಿದ್ದವು.

1999ರಲ್ಲಿ ಜಾರ್ಜಿಯಾ ಟೆಕ್‌ನ ರಯಾನ್ ಗ್ರಾವೆಲ್ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ಒಂದು ಲೆಕ್ಕ ಕೊಟ್ಟ. ಈ ತುಂಡುಗಳನ್ನೆಲ್ಲ ಜೋಡಿಸಿದರೆ 22 ಮೈಲಿ, ಅಂದರೆ ಸುಮಾರು 35 ಕಿಲೋಮೀಟರಿನ ವರ್ತುಲ ಸಿಗುತ್ತೆ. ಅದರ ಮೇಲೆ ಟ್ರಾಮ್ ಓಡಿಸೋಣ! ಅದೇ ‘ಬೆಲ್ಟ್‌ಲೈನ್’. 2005ರಲ್ಲಿ ಯೋಜನೆಗೆ ನಗರಸಭೆ ಒಪ್ಪಿತು. 2012ರಲ್ಲಿ ಪೂರ್ವ ಭಾಗದ ಕಾಂಕ್ರೀಟ್ ಹಾದಿ ತೆರೆಯಿತು. ನಡೆಯೋರು, ಓಡೋರು, ಸೈಕಲ್ ತುಳಿಯೋರು ಮುಗಿಬಿದ್ದರು. ಟ್ರಾಮ್ ಮಾತ್ರ ಆ ಹಾದಿಗೆ ಬರಲಿಲ್ಲ.

ಬಂದಿದ್ದು ಬಿಲ್ಡರ್‌ಗಳು. ಹಿಂದೆ ಯಾರೂ ತಿರುಗಿ ನೋಡದಿದ್ದ ಹಳಿಪಕ್ಕದ ಬಡಾವಣೆಗಳಲ್ಲಿ ಬಾಡಿಗೆ ಏರಿತು, ತೆರಿಗೆ ಏರಿತು. ತಲೆಮಾರುಗಳಿಂದ ಅಲ್ಲಿದ್ದ ಕಪ್ಪುಜನರ ಕುಟುಂಬಗಳು ಗಂಟುಮೂಟೆ ಕಟ್ಟಬೇಕಾಯ್ತು. ಕೈಗೆಟುಕುವ ಬೆಲೆಯ 5,600 ಮನೆ ಕೊಡ್ತೀವಿ ಅಂತ ಯೋಜನೆಯಲ್ಲೇ ಮಾತು ಕೊಟ್ಟಿದ್ದರು. ಹಾದಿ ಬೆಳೆದ ವೇಗದಲ್ಲಿ ಆ ಮನೆಗಳು ಬೆಳೆಯಲಿಲ್ಲ. 2016ರಲ್ಲಿ ಇದೇ ಕಾರಣಕ್ಕೆ ಯೋಜನೆಯ ಬೆಂಬಲ ಸಂಸ್ಥೆಯ ಮಂಡಳಿಗೆ ರಾಜೀನಾಮೆ ಕೊಟ್ಟವರಲ್ಲಿ ಗ್ರಾವೆಲ್ ಕೂಡ ಒಬ್ಬ. ಕನಸು ಕಂಡವನೇ ಎದ್ದು ಹೊರನಡೆದ!

ಹಾದಿ ಬೇಡ ಅಂತಲ್ಲ ಸ್ವಾಮಿ, ಬೇಕೇ ಬೇಕು. ಆದರೆ ರಿಬ್ಬನ್ ಕತ್ತರಿಸೋ ದಿನ ಎಲ್ಲರೂ ಉದ್ದ ಎಷ್ಟು, ಅಗಲ ಎಷ್ಟು ಅಂತ ಕೇಳ್ತಾರೆ. ಪಕ್ಕದ ಮನೆಯ ಬಾಡಿಗೆ ಎಷ್ಟಾಯ್ತು ಅಂತಲೂ ಯಾರಾದರೂ ಕೇಳಬೇಕಲ್ಲವೇ?