ಕರೇಕಲ್ಲಿನ ನಡುವಿನ ಕೆರೆ, ಎಡಕ್ಕೆ ಬಾಯಿ ಇರೋ ಬಸವನಹುಳ

ಈ ಸಲ ಬೆಳಿ, ರೇಟು ಬಿಟ್ಟು ನಮ್ಮ ಮಣ್ಣಿನ ಹಳೇ ಕತಿ ಬರೀತೀನಿ. ಸ್ವಲ್ಪ ಉದ್ದ ಅದ, ಪೂರ್ತಿ ಓದ್ರಿ.

ನಮ್ಮ ಎರೆಮಣ್ಣು ಕರೇಕಲ್ಲು ಕರಗಿ ಆದದ್ದು, ಆ ಕರೇಕಲ್ಲು ಭೂಮಿ ಬಿರಿದು ಹರಿದ ಲಾವಾರಸ ಆರಿ ಆದದ್ದು. ಇದು ಬಹಳ ಮಂದಿಗೆ ಗೊತ್ತು. ಆದರೆ ಲಾವಾ ಒಂದೇ ಸಲ ಹರಿದಿದ್ದಲ್ಲ. ಒಂದು ಹರಿವು ಆರಿದ ಮ್ಯಾಲೆ ಎಷ್ಟೋ ಕಾಲ ಸುಮ್ಮನಿತ್ತು. ಆ ಬಿಡುವಿನಾಗ ತಗ್ಗಿನಾಗ ಮಳಿನೀರು ನಿಂತು ಕೆರೆ ಆತು, ಕೆರೆಯೊಳಗ ಪಾಚಿ, ಮೀನು, ಬಸವನಹುಳ ಬಂದವು. ಆಮೇಲೆ ಮತ್ತೊಂದು ಲಾವಾ ಬಂದು ಕೆರೆನೇ ಮುಚ್ಚಿತು. ಅದಕ್ಕೇ ಬಾವಿ ತೋಡುವಾಗ, ಹಳ್ಳದ ದಂಡಿ ಕುಸಿದಲ್ಲಿ, ಎರಡು ಕರೇಕಲ್ಲಿನ ನಡುವ ಒಮ್ಮೊಮ್ಮೆ ಬೆಳ್ಳಗಿನ ಸುಣ್ಣದ ಪದರು, ಇಲ್ಲಾ ಚಕಮಕಿ ಕಲ್ಲಿನ ಪದರು ಸಿಗ್ತದ. ನಮ್ಮ ಗುರುಮಠಕಲ್ ಹತ್ತಿರದ ಇಂಥ ಪದರನ್ನ ವಿಜ್ಞಾನಿಗಳು ಬಂದು ಅಭ್ಯಾಸ ಮಾಡ್ಯಾರ.

ಈ ಹುಳಕ್ಕ ಮೊದಲು ಹೆಸರು ಸಿಕ್ಕದ್ದು 1840ರಾಗ. ಮದ್ರಾಸ್ ಸೈನ್ಯದ ಡಾಕ್ಟರ್ ಮಾಲ್ಕಮ್‌ಸನ್ ಅನ್ನೋರು ಈಗಿನ ತೆಲಂಗಾಣದ ನಿರ್ಮಲ್ ಗುಡ್ಡದ ಕಡೆ ಆರಿಸಿದ ಕಲ್ಲುಗಳನ್ನ ಲಂಡನ್ನಿನಾಗ ಸೋವರ್ಬಿ ಅನ್ನೋ ತಜ್ಞ ನೋಡಿ, ಒಂದಕ್ಕ ‘ಫೈಸಾ ಪ್ರಿನ್ಸೆಪಿ’ ಅಂತ ಹೆಸರಿಟ್ಟರು. ಅಶೋಕನ ಕಾಲದ ಬ್ರಾಹ್ಮಿ ಲಿಪಿ ಓದಿದ ಜೇಮ್ಸ್ ಪ್ರಿನ್ಸೆಪ್ ಹೆಸರು ಅದು. ಮುಂದ ನಾಗಪುರದಾಗ ಪಾದ್ರಿ ಆಗಿದ್ದ ಸ್ಟೀಫನ್ ಹಿಸ್ಲಾಪ್ ಸುತ್ತಲ ಹೊಲ, ಗುಡ್ಡ ತಿರುಗಿ ಇಂಥವನ್ನ ಕೂಡಿಸಿ 1860ರಾಗ ದೊಡ್ಡ ಲೇಖನ ಬರೆದರು. 1863ರಾಗ ಹೊಳಿ ದಾಟುವಾಗ ಪ್ರವಾಹಕ್ಕ ಸಿಕ್ಕು ತೀರಿಕೊಂಡರು.

ಗುರುತು ಹಿಡಿಯೋದು ಹೆಂಗ? ಹುಳದ ಚೂಪು ತುದಿ ಮ್ಯಾಲೆ ಮಾಡ್ರಿ, ಬಾಯಿ ನಿಮ್ಮ ಕಡೆ ಇರಲಿ. ಬಾಯಿ ಎಡಕ್ಕಿದ್ದರೆ ಅದು ಫೈಸಾ ಜಾತಿದು ಇರಬಹುದು. ಬಲಕ್ಕಿದ್ದು, ಉದ್ದ ಚೂಪಗಿದ್ದರೆ ಲಿಮ್ನಿಯಾ. ಬಲಕ್ಕಿದ್ದು, ಸುತ್ತು ಗುಂಡಗೆ ಉಬ್ಬಿದ್ದರೆ ಪಲುಡೈನಾ. ಇವು ಹಿಂದಿನವರು ಇಟ್ಟ ಹೆಸರು, ಈಗ ಕೆಲವು ಬದಲಾಗ್ಯಾವ. ಫೈಸಾ ಪ್ರಿನ್ಸೆಪಿಯನ್ನೇ ಈಗ ಪ್ಲಾಟಿಫೈಸಾ ಅಂತಾರ.

ಒಂದು ಮಾತು ನೆನಪಿಡ್ರಿ. ದೇವರ ಜಗಲಿ ಮ್ಯಾಲಿನ ಅಪರೂಪದ ಬಲಮುರಿ ಶಂಖ ಅದಲ್ಲ, ವಿಜ್ಞಾನದ ಲೆಕ್ಕಕ್ಕ ಅದೂ ಎಡಸುರುಳಿನೇ. ನಾವು ಶಂಖದ ಬಾಲ ಮ್ಯಾಲೆ ಮಾಡಿ ನೋಡ್ತೀವಿ, ಅವರು ಸುರುಳಿಯ ತುದಿ ಮ್ಯಾಲೆ ಮಾಡಿ ನೋಡ್ತಾರ. ಹಿಡಿಯೋ ರೀತಿ ಬದಲಾದರೆ ಎಡ ಬಲ ಆಗ್ತದ.

ಎಡಚು ಐತಿ ಅಂತ ಗುರುತು ಮುಗೀಲಿಲ್ಲ. ಎಷ್ಟೋ ಸಲ ಕಲ್ಲಿನಾಗ ಇರೋದು ಚಿಪ್ಪಲ್ಲ, ಬರೇ ಅಚ್ಚು. ಚಿಪ್ಪಿನೊಳಗ ಕೆಸರು ತುಂಬಿ ಗಟ್ಟಿಯಾಗಿ, ಚಿಪ್ಪು ಕರಗಿ ಹೋಗಿರ್ತದ. ಮೈ ಮ್ಯಾಲಿನ ಗೆರಿ ಕಾಣಂಗಿಲ್ಲ. ಒಂದೇ ಜಾತಿಯೊಳಗ ಸಣಕಲು, ಉಬ್ಬಿದ್ದು ಎರಡೂ ಇರ್ತಾವ, ಹಿಸ್ಲಾಪ್ ಕೂಡ ಹಂಗೇ ವಿಂಗಡಿಸಿದ್ದರು. ನಮ್ಮ ಎತ್ತುಗಳೆಲ್ಲ ಒಂದೇ ಅಳತಿ ಇರ್ತಾವೇನು?

ಇನ್ನೊಂದು ಪರೀಕ್ಷೆ. ಈಗಿನ ಹುಳದ ಚಿಪ್ಪಿಗೆ ನಿಂಬಿಹಣ್ಣು ಹಿಂಡಿದರೆ ಸಣ್ಣಗೆ ನೊರಿ ಬರ್ತದ. ಚಕಮಕಿ ಕಲ್ಲಾಗಿ ಹೋದದ್ದಕ್ಕ ಬರಂಗಿಲ್ಲ. ಆದರೆ ಸುಣ್ಣಕಲ್ಲಿನಾಗಿನ ಹಳೇದಕ್ಕೂ ನೊರಿ ಬರ್ತದ, ಹಿಂಗಾಗಿ ನೊರಿ ಬಂತು ಅಂದಕೂಡಲೇ ಹೊಸದು ಅನ್ನಬ್ಯಾಡ್ರಿ.

ಈ ಹುಳದಿಂದ ದೊಡ್ಡ ಜಗಳನೇ ಆಗ್ಯದ. ಹಿಸ್ಲಾಪ್ ಈ ಪದರುಗಳನ್ನ ಟರ್ಷಿಯರಿ ಅಂದರು, ಅಂದ್ರ ಡೈನೋಸಾರ್ ಕಾಲ ಮುಗಿದ ಮ್ಯಾಲಿನವು. ಆದರೆ ಇದೇ ಹುಳ ಲಾವಾದ ಕೆಳಗಿನ ಲಮೇಟಾ ಪದರಿನಾಗೂ ಸಿಗ್ತದ, ಅಲ್ಲಿ ಡೈನೋಸಾರ್ ಎಲುಬು, ಮೊಟ್ಟಿ ಅದಾವ. ಕಲ್ಲಿನ ವಯಸ್ಸು ನೇರವಾಗಿ ಅಳೆದ ಮ್ಯಾಲೆ ಲಾವಾ ಸುಮಾರು 6.6 ಕೋಟಿ ವರ್ಷದ ಹಿಂದಿನದು ಅಂತ ಗೊತ್ತಾತು. ನಿಂತ ನೀರು ಸಿಕ್ಕಲ್ಲಿ ಮತ್ತ ಮತ್ತ ಬಂದು ಸೇರೋ ಹುಳ, ಲಾವಾ ಬರೋಕಿಂತ ಮೊದಲೂ ಇತ್ತು, ನಡುವೂ ಇತ್ತು. ಇದು “ಇಲ್ಲಿ ಕೆರೆ ಇತ್ತು” ಅಂತ ಖಾತ್ರಿ ಹೇಳ್ತದ, “ಯಾವಾಗ ಇತ್ತು” ಅಂತ ಒಂದೇ ಹೇಳಲಾರದು.

ಅದಕ್ಕೇ ಯಾವ ಪದರಿನಾಗ ಸಿಕ್ಕಿತು ಅನ್ನೋದು ಹುಳದಷ್ಟೇ ಮುಖ್ಯ. ಜೇಬಿನಾಗ ಹಾಕ್ಕೊಂಡು ಮನಿಗೆ ತಂದರೆ ಅದರ ಅರ್ಧ ಸಾಕ್ಷಿ ಹೊಲದಾಗೇ ಉಳೀತದ. ಈಗ ಹೊಲ ಸಮ ಮಾಡಾಕ ಜೆಸಿಬಿ ಬಂದಾವ, ಕರೇಕಲ್ಲು ಕ್ರಷರ್‌ಗೆ ಹೋಗಲಿಕತ್ತದ. ನಡುವಿನ ತೆಳು ಪದರು ಒಂದು ಮಧ್ಯಾಹ್ನದಾಗ ಕಡಿ ಆಗಿಬಿಡ್ತದ. ಬಾವಿ, ಕೃಷಿಹೊಂಡ ತೋಡಿಸೋರು ಕಲ್ಲಿನಾಗ ಸುರುಳಿ ಕಂಡರೆ, ಕೀಳೋಕಿಂತ ಮೊದಲು ಬಾಜೂ ಒಂದು ನಾಣ್ಯ ಇಟ್ಟು ಫೋಟೋ ತೆಗೀರಿ, ಮ್ಯಾಲೆ ಯಾವ ಕಲ್ಲು, ಕೆಳಗ ಯಾವ ಕಲ್ಲು, ಎಷ್ಟು ಫೂಟ್ ಆಳ ಅಂತ ಬರ್ಕೋರಿ. ಹತ್ತಿರದ ಕಾಲೇಜಿನ ಭೂವಿಜ್ಞಾನದ ಮೇಷ್ಟ್ರಿಗೆ ತೋರಿಸ್ರಿ. ನಾವು ಉಳುಮಿ ಮಾಡೋ ಭೂಮಿ ಒಂದು ಕಾಲಕ್ಕ ಕೆರೆ ಆಗಿತ್ತು ಅನ್ನೋದಕ್ಕ ಉಳಿದ ಸಾಕ್ಷಿ ಅಷ್ಟೇ ಅದ.